ಎರಡು ಚುಕ್ಕೆಗಳ ಆಚೆ

ಐರೋಲಿಯ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಸದ್ದೇ ಹುಟ್ಟದ ಕೋಣೆಯೊಂದಿತ್ತು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಕಾಲ ಕೆಳಗೆ ದಪ್ಪ ಜಮಖಾನೆ. ಬಾಗಿಲು ಹಾಕಿಕೊಂಡರೆ ಹೊರಗೆ ಲೋಕ ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಮೌನ. ರೈಲು ಹಳಿಯ ಬದಿಯ ಕಳವಾ ಊರಿನಲ್ಲಿ ಹುಟ್ಟಿ ಬೆಳೆದ ಕಾಂಚನಾಳಿಗೆ ಮೊದಲ ದಿನ ಅಲ್ಲಿ ಕಿವಿ ಗುಂಯ್ ಎಂದು ಹೆದರಿಕೆಯೇ ಆಗಿತ್ತು. ಗಾಡಿಗಳ ಗಡಗಡ, ಪಕ್ಕದ ಮನೆಯ ಟೀವಿ, ನಲ್ಲಿಯ ಮುಂದಿನ ಜಗಳ ಇವೆಲ್ಲ ಇಲ್ಲದ ಒಂದು ಗಳಿಗೆಯನ್ನೂ ಅವಳು ಕಂಡವಳಲ್ಲ. ಈಗ ಮಾತ್ರ ಆ ಕೋಣೆಯಿಂದ ಹೊರಗೆ ಬರಲು ಮನಸ್ಸಾಗುತ್ತಿರಲಿಲ್ಲ.

ಅಲ್ಲಿ ಅವಳ ಕೆಲಸ ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿಯಾಗಿ ಓದುವುದು. ಕಣ್ಣು ಕಾಣದವರಿಗೆ ಫೋನಿನಲ್ಲಿ ಪುಸ್ತಕ ಓದಿ ಹೇಳುವ ಯಂತ್ರವೊಂದು ತಯಾರಾಗುತ್ತಿತ್ತು. ಯಂತ್ರಕ್ಕೆ ಸ್ವಂತ ಗಂಟಲು ಎಲ್ಲಿಂದ ಬರಬೇಕು? ಯಾರಾದರೂ ಒಬ್ಬರು ಸಾವಿರಾರು ವಾಕ್ಯ ಓದಿ ತಮ್ಮ ಗಂಟಲನ್ನು ಅದಕ್ಕೆ ಕೊಡಬೇಕು. ಪರೀಕ್ಷೆಗೆ ಬಂದ ಹುಡುಗಿಯರಲ್ಲಿ ಎಲ್ಲರೂ ಸೋಸಿಹೋಗಿ ಕೊನೆಗೆ ಕಾಂಚನಾ ಮತ್ತು ವಾಶಿಯ ಇನ್ನೊಬ್ಬಳು ಉಳಿದಿದ್ದರು. ಆರಿಸಿಬಿಟ್ಟರೆ ಎಲ್ಲೋ ಯಾವುದೋ ಊರಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದ ಕೋಣೆಯಲ್ಲಿ, ಯಾರೋ ಒಬ್ಬರು ಕಣ್ಣು ಮುಚ್ಚಿಕೊಂಡು ಅವಳ ದನಿಯನ್ನು ಕೇಳುತ್ತ ಮಲಗಿರುತ್ತಾರೆ. ಕಾಂಚನಾ ಥಾಣೆಯಲ್ಲಿ ವಾಶಿ ಗಾಡಿ ಹತ್ತಿ ಬಾಗಿಲ ಬಳಿ ನಿಂತಾಗಲೆಲ್ಲ ಅದನ್ನೇ ಕಾಣುತ್ತಿದ್ದಳು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಗುಲಾಬಿ ಹಕ್ಕಿಗಳು ಒಂಟಿ ಕಾಲಲ್ಲಿ ನಿಂತಿರುತ್ತಿದ್ದವು, ಗಾಡಿ ಓಡುತ್ತಿತ್ತು, ಅವಳ ದನಿ ಅವಳಿಗಿಂತ ಮುಂದೆ ಹೋಗಿ ಯಾರದೋ ಮನೆಯಲ್ಲಿ ಓದುತ್ತ ಕೂತಿರುತ್ತಿತ್ತು. ಇಂಥ ಕನಸು ಕಾಣುವವಳನ್ನು ಗಾಡಿಯ ಹೆಂಗಸರು ಬಿಡುತ್ತಾರೆಯೇ? ಸರಿಯಾಗಿ ಮೊಣಕೈಯಿಂದ ತಿವಿದೇ ಇಳಿಯುತ್ತಿದ್ದರು.

ಈ ಕೆಲಸ ಅವಳಿಗೆ ಬೇಕೇಬೇಕಿತ್ತು. ಹಿಂದಿನ ಕೆಲಸ ಘಣಸೋಲಿಯ ಒಂದು ಕಾಲ್ ಸೆಂಟರಿನಲ್ಲಿ. ದಿನವಿಡೀ ಜನರಿಗೆ ಫೋನ್ ಮಾಡುವುದು, ಅರ್ಧ ಮಾತಿಗೆ ಅವರು ಕಟ್ ಮಾಡುವುದು. ಕೆಲವರು ಬೈದು ಕಟ್ ಮಾಡುತ್ತಿದ್ದರು, ಹೆಚ್ಚಿನವರು ಅಷ್ಟೂ ಮರ್ಯಾದೆ ತೋರಿಸುತ್ತಿರಲಿಲ್ಲ. ತನ್ನ ಮಾತು ಕೊನೆಯವರೆಗೆ ಯಾರಿಗಾದರೂ ತಲುಪೀತು ಎಂಬ ಆಸೆಯನ್ನು ಅವಳು ಅಲ್ಲಿಯೇ ಬಿಟ್ಟಿದ್ದಳು. ಐರೋಲಿಯ ಕೋಣೆ ಆ ಆಸೆಯನ್ನು ಮತ್ತೆ ಎಬ್ಬಿಸಿತ್ತು, ಅದೇ ಈಗ ಸಂಕಟ.

ತೊಡಕು ಬಂದದ್ದು ಕೋಲನ್ನಿನಿಂದ. ಒಂದರ ಮೇಲೊಂದು ಕೂತ ಎರಡು ಚುಕ್ಕೆ, ನೋಡಿದರೆ ಸಾಧು. ವಾಕ್ಯಗಳನ್ನು ಬರೆದುಕೊಡುವ ಶ್ರೀವಾಣಿ ಮೇಡಂ ಡೊಂಬಿವಲಿಯವರು, ಉಡುಪಿ ಕಡೆಯ ಮನೆತನ, ಬೇಸರಪಡದೆ ಹೇಳಿಕೊಡುವ ಹೆಂಗಸು. ಓದುವವರಿಗೆ ಬರೆಯುವುದೂ ಗೊತ್ತಿರಬೇಕೆಂದು ಅವರು ಚುಕ್ಕೆಯಿಲ್ಲದ ವಾಕ್ಯಗಳನ್ನು ಕೊಟ್ಟು ಕೋಲನ್ ಇಡಿಸುತ್ತಿದ್ದರು. ಕಾಂಚನಾ ಶಾಲೆಯಲ್ಲಿ ಕಲಿತಂತೆ, ಪಟ್ಟಿ ಕಂಡಲ್ಲೆಲ್ಲ ಅದರ ಮೊದಲು ಎರಡು ಚುಕ್ಕೆ ಒತ್ತಿದಳು. 'ಮೈ ಫ್ರೆಂಡ್ಸ್ ಆರ್' ಎಂದು ಅರ್ಧಕ್ಕೆ ನಿಲ್ಲಿಸಿ ಕೋಲನ್ ಹಾಕಬಾರದು ಎಂದರು ಮೇಡಂ. 'ಐ ಹ್ಯಾವ್ ಟೂ ಫ್ರೆಂಡ್ಸ್' ಎಂದ ಮೇಲೆ ಹಾಕಬಹುದು. ಹಿಂದಿನ ಮಾತು ತನ್ನ ಕಾಲಿನ ಮೇಲೆ ತಾನು ನಿಂತಿರಬೇಕು, ಆಮೇಲೆ ಬರುವುದು ಅದು ಹೇಳದೆ ಉಳಿಸಿದ್ದನ್ನು ತಂದುಕೊಡಬೇಕು. ಇಷ್ಟು ಕಾಂಚನಾಳಿಗೆ ಎರಡೇ ದಿನದಲ್ಲಿ ತಲೆಗೆ ಹತ್ತಿತು. ಇಡುವುದು ಬಂತು, ಓದುವುದು ಬರಲಿಲ್ಲ.

ಅವಳು ಕೋಲನ್ ಬಂದಲ್ಲಿ ದನಿಯನ್ನು ಕೆಳಗೆ ಇಳಿಸಿ ಮುಗಿಸಿಯೇ ಬಿಡುತ್ತಿದ್ದಳು. ಹಾಗೆ ಮಾಡಬೇಡ ಎಂದರೆ ನಿಲ್ಲದೆ ಓಡಿಸುತ್ತಿದ್ದಳು. ಗಾಜಿನ ಆಚೆ ಯಂತ್ರಗಳ ಮುಂದೆ ಕೂರುವ ಯೋಗೀಶ್, ರೆಕಾರ್ಡಿಂಗ್ ನೋಡಿಕೊಳ್ಳುವವನು, ಹಿಂದಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ: ನಿಲ್ಲು, ಆದರೆ ಎದ್ದು ಹೋಗಬೇಡ. ಅವಳು ಜೀ ಸರ್ ಎನ್ನುತ್ತಿದ್ದಳು, ಮತ್ತೆ ಎದ್ದೇ ಹೋಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಕಟ್ ಆದ ಕಾಲ್‌ಗಳು ಕಲಿಸಿದ ಗುಣ. ಅರ್ಧ ಹೇಳಿ ನಿಂತರೆ ಎದುರಿನವರು ಹೋಗಿಬಿಡುತ್ತಾರೆ ಎಂದು ಅವಳ ಗಂಟಲಿಗೇ ಖಾತ್ರಿಯಾಗಿತ್ತು.

ಶುಕ್ರವಾರ ಸಂಜೆ ಗಾಜಿನ ಆಚೆ ಯೋಗೀಶ್ ಮೈಕು ಆರಿಸಿ ಶ್ರೀವಾಣಿ ಮೇಡಂ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದ. ದನಿ ಕೇಳದಿದ್ದರೂ ಅವನ ತುಟಿ ಕಾಂಚನಾಳಿಗೆ ಸ್ಪಷ್ಟವಾಗಿ ಕಂಡಿತು. "ಸ್ವರ ಒಳ್ಳೇದುಂಟು ಮಾರಾಯ್ರೆ. ಆದ್ರೆ ಕೋಲನ್ ಬಂದ ಕೂಡ್ಲೇ ಬಾಗಿಲು ಹಾಕಿಬಿಡ್ತದೆ ಹುಡುಗಿ. ಸೋಮವಾರ ಸಹ ಹೀಗೇ ಆದ್ರೆ ಆ ವಾಶಿಯವಳನ್ನೇ ತೆಗೊಳ್ಳುವಾ."

ಅವನಿಗೇನು ಗೊತ್ತು, ಒಳಗಿರುವ ಹುಡುಗಿಗೆ ಕನ್ನಡ ಬರುತ್ತದೆ, ಅದೂ ತುಟಿಯ ಮೇಲಿನ ಕನ್ನಡ!

ಆ ವಿದ್ಯೆ ಬಂದದ್ದು ಅಪ್ಪನಿಂದ. ಮಾಪಣ್ಣ ಕಲಬುರಗಿ ಕಡೆಯಿಂದ ಬಂದು ಅಂಬರನಾಥದ ತಗಡಿನ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷಿನ್ನಿನ ಪಕ್ಕ ನಿಂತು ಕಿವಿ ಕಳೆದುಕೊಂಡವನು. ಒಮ್ಮೆಲೇ ಅಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ, ಕೊನೆಗೆ ಪೂರ್ತಿ. ತನ್ನ ದನಿ ತನಗೇ ಕೇಳದಾದ ಮೇಲೆ ಅವನ ಮಾತೂ ಇಳಿಯುತ್ತ ಬಂದು, ಕೆಲವೊಮ್ಮೆ ಬರೀ ತುಟಿಯಾಡಿಸುತ್ತಿದ್ದ. ಅದಕ್ಕೆ ಮೊದಲು ಕಾಂಚನಾ ಕನ್ನಡ ಆಡಿದವಳೇ ಅಲ್ಲ. ಅವ್ವ ಕನ್ನಡದಲ್ಲಿ ಕೇಳಿದರೆ ಇವಳು ಹಿಂದಿಯಲ್ಲಿ ಉತ್ತರ ಕೊಡುವುದು, ಅವ್ವ ಅದಕ್ಕೆ ಕನ್ನಡದಲ್ಲಿ ಬೈಯುವುದು, ಅದು ಮನೆಯ ಪದ್ಧತಿ. ಆದರೆ ಅಪ್ಪನಿಗೆ ಬೇರೆಯವರ ತುಟಿಯ ಮೇಲೆ ಕಾಣುತ್ತಿದ್ದ ಭಾಷೆ ಒಂದೇ. ಹಿಂದಿಯ ತುಟಿ ಅವನಿಗೆ ತಿಳಿಯುತ್ತಿರಲಿಲ್ಲ. ಹೀಗೆ ಅಪ್ಪನ ಕಿವಿ ಹೋದ ಮೇಲೆ ಮಗಳಿಗೆ ಕನ್ನಡ ಬಂತು, ತುಟಿ ಓದುವುದೂ ಬಂತು. ದೇವರ ಲೆಕ್ಕಾಚಾರ ಯಾವಾಗಲೂ ಹೀಗೆಯೇ ಸೊಟ್ಟ.

ಶನಿವಾರವಿಡೀ ಅವಳು ಮಂಕಾಗಿದ್ದಳು. ಕಾಂಚನಾಳ ಅವ್ವ ಮರಗಮ್ಮ ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸು, ಮಗಳ ಮುಖ ಓದುವುದಕ್ಕೆ ಅವಳಿಗೆ ಯಾವ ತರಬೇತಿಯೂ ಬೇಡ. ಏನಾಯಿತು ಎಂದು ಕೇಳಿದಳು. ಇಂಗ್ಲಿಷಿನ ಎರಡು ಚುಕ್ಕೆ ಕೈಗೆ ಬಂದ ತುತ್ತನ್ನು ಕಸಿದುಕೊಳ್ಳುತ್ತಿವೆ ಎಂದು ಅವ್ವನಿಗೆ ಹೇಳುವುದು ಹೇಗೆ? ತಲೆನೋವು ಎಂದಳು. ಮರಗಮ್ಮ ಹಣೆಗೆ ಅಮೃತಾಂಜನ ಹಚ್ಚಿದಳು, ಕಣ್ಣಲ್ಲಿ ನೀರು ಬಂತು, ಅಳುವುದಕ್ಕೆ ಒಂದು ನೆಪವೂ ಸಿಕ್ಕಿತು.

ಭಾನುವಾರ ಪಕ್ಕದ ಮನೆಯ ಶರಣಬಸಮ್ಮನ ಸೊಸೆಗೆ ಕುಬಸ. ಬಸುರಿಗೆ ಹಸಿರು ಬಳೆ, ಹಸಿರು ಸೀರೆ, ಮಡಿಲಿಗೆ ಹಣ್ಣು. ಇರುವ ಒಂದು ಕೋಣೆಯಲ್ಲಿ ಓಣಿಯ ಹೆಂಗಸರೆಲ್ಲ ಹಿಡಿಸಿದ್ದೇ ಒಂದು ಪವಾಡ. ಗಂಡಸರನ್ನು ಹೊರಗೆ ಅಟ್ಟಿದ್ದರು. ಮಾಪಣ್ಣ ಒಬ್ಬ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದ. ಕೇಳದವನಿಂದ ಏನು ಅಡ್ಡಿ ಎಂದು ಯಾರೂ ಎಬ್ಬಿಸಿರಲಿಲ್ಲ. ಆರತಿ ಆದ ಮೇಲೆ ಒಡಪು ಶುರುವಾಯಿತು. ಗಂಡನ ಹೆಸರು ಬಾಯಲ್ಲಿ ತಾರದ ಹೆಂಗಸರು ಅಂದು ಪದ ಕಟ್ಟಿ ಕೊನೆಗೆ ಹೆಸರು ಹೇಳಲೇಬೇಕು, ಹೇಳುವವರೆಗೆ ಬಿಡುವವರಿಲ್ಲ. ಒಬ್ಬಳು ನಾಚಿ ಹೆಸರು ನುಂಗಿದಳು, ಇನ್ನೊಬ್ಬಳು ಗಡಬಡಿಸಿ ಉಸಿರು ಬಿಡದೆ ಒದರಿದಳು. ಕಾಂಚನಾ ಮೂಲೆಯಲ್ಲಿ ಕೂತು ಎಲೆಯಡಿಕೆ ತಟ್ಟೆಯನ್ನು ನೋಡುತ್ತಿದ್ದಳು. ಮನಸ್ಸು ಐರೋಲಿಯಲ್ಲಿತ್ತು.

ಮರಗಮ್ಮನ ಸರದಿ ಬಂತು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಹೆಂಗಸರ ಕಡೆ ನೋಡಲಿಲ್ಲ, ಹೊಸ್ತಿಲ ಕಡೆ ಮುಖ ಮಾಡಿ ನಿಧಾನವಾಗಿ ಹೇಳಿದಳು.

"ಮುಂಬ್ರಾ ಗುಡ್ಡದ ಮ್ಯಾಲಿನ ಮ್ವಾಡ ಖಾಡಿಗಿ ಇಳೀತದ, ಕಿವಿ ಕೇಳಲಿಲ್ಲಂದ್ರೂ ನನ್ನ ಮಾತು ಒಬ್ಬರಿಗಿ ತಿಳೀತದ…"

ಅಲ್ಲಿ ನಿಂತಳು. ಪದ ಮುಗಿದಿತ್ತು, ಏನೂ ಕೊರತೆಯಿರಲಿಲ್ಲ. ಆದರೂ ಕೋಣೆಯಲ್ಲಿ ಒಬ್ಬರೂ ಅಲುಗಲಿಲ್ಲ. ಆ ಒಬ್ಬರು ಯಾರೆಂದು ಓಣಿಗೆಲ್ಲ ಗೊತ್ತು. ಗೊತ್ತಿದ್ದೂ ಎಲ್ಲರ ಕತ್ತು ಮುಂದಕ್ಕೆ ಬಂದಿತ್ತು. ಬಳೆಯ ಸದ್ದು ನಿಂತಿತು. ಕಾಂಚನಾಳಿಗೆ ತಾನು ಆ ಸ್ಪಂಜಿನ ಕೋಣೆಯಲ್ಲಿ ಕೂತಂತಾಯಿತು, ಅದೇ ಮೌನ, ಆದರೆ ಇದು ತುಂಬಿದ ಮೌನ. ಅವ್ವನಿಗೆ ಯಾವ ಅವಸರವೂ ಇರಲಿಲ್ಲ. ಬೇಕಿದ್ದರೆ ಒಂದು ಗಾಡಿ ಹೋಗಿ ಇನ್ನೊಂದು ಬರಲಿ ಎನ್ನುವ ಹಾಗೆ ಕೂತಿದ್ದಳು. ಅಪ್ಪ ಹೊಸ್ತಿಲಲ್ಲಿ ಅವಳ ತುಟಿಯನ್ನೇ ನೋಡುತ್ತಿದ್ದ, ಅವನಿಗೂ ಅವಸರವಿರಲಿಲ್ಲ. ತನಗಾಗಿ ಕಾಯುತ್ತಾನೆ ಎಂದು ಅವಳಿಗೆ ಗೊತ್ತು, ಹೇಳುತ್ತಾಳೆ ಎಂದು ಅವನಿಗೆ ಗೊತ್ತು.

"ಮಾಪಣ್ಣನೋರಿಗಿ," ಎಂದಳು ಮರಗಮ್ಮ.

ಕೋಣೆ ನಕ್ಕಿತು, ಬಳೆಗಳು ಮತ್ತೆ ಸದ್ದು ಮಾಡಿದವು. ಮಾಪಣ್ಣ ತಲೆ ತಗ್ಗಿಸಿ ಮೀಸೆಯಲ್ಲೇ ನಕ್ಕ. ಕಾಂಚನಾ ಮಾತ್ರ ನಗಲಾರದೆ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅವ್ವನ ಹಾಗೆ ಯಾರನ್ನಾದರೂ ನಂಬಿ ತಾನು ಒಂದು ಮಾತನ್ನಾದರೂ ಆಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಒಂದೂ ಸಿಗಲಿಲ್ಲ.

ಸೋಮವಾರ ಯೋಗೀಶ್ ಗಾಜಿನ ಆಚೆಯಿಂದ ಹಿಂದಿಯಲ್ಲಿ, ತಯಾರೇ ಎಂದು ಕೇಳಿದ. ಕಾಂಚನಾ ಮೈಕಿಗೆ ಮುಖ ತಂದಳು. "ಇವತ್ತ ಬಾಗಿಲಾ ಹಾಕಂಗಿಲ್ರಿ ಸರ್," ಎಂದಳು ಕನ್ನಡದಲ್ಲಿ. ಯೋಗೀಶನ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ಶ್ರೀವಾಣಿ ಮೇಡಂ ನಗು ತಡೆಯಲು ಕಾಗದದಿಂದ ಮುಖ ಮುಚ್ಚಿಕೊಂಡರು.

ಪರದೆಯ ಮೇಲೆ ವಾಕ್ಯ ಬಂತು. 'ಶೀ ಕ್ರಾಸ್ಡ್ ದ ರಿವರ್ ವಿತ್ ಓನ್ಲಿ ಒನ್ ಥಿಂಗ್ ಇನ್ ಹರ್ ಹ್ಯಾಂಡ್: ಎ ಲ್ಯಾಂಪ್.' ಅವಳು ಕೈಯಲ್ಲಿ ಒಂದೇ ಒಂದು ವಸ್ತು ಹಿಡಿದು ನದಿ ದಾಟಿದಳು. ಕಾಂಚನಾ ಅಲ್ಲಿಯವರೆಗೆ ಓದಿದಳು, ನಿಂತಳು. ಪರದೆ ಎಳೆದ ಆ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ಮಲಗಿದವರು ಇನ್ನೂ ಇದ್ದಾರೆ, ಎದ್ದು ಹೋಗಿಲ್ಲ, ಕೈಯಲ್ಲಿ ಏನಿತ್ತು ಎಂದು ತಿಳಿಯಬೇಕು ಅವರಿಗೆ. ಹೊಳೆ ಮೆಲ್ಲಗೆ ಹರಿಯುತ್ತಿತ್ತು. ಅವಳು ಅದು ಹರಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ದೀಪ ತೋರಿಸಿದಳು.

ಯೋಗೀಶ್ ಗಾಜಿನ ಆಚೆಯಿಂದ, ಬಿಡುವು ತೀರಾ ಉದ್ದವಾಯಿತು, ಚಾ ಕುಡಿದು ಬರಬಹುದಿತ್ತು, ಅದನ್ನು ಮಷಿನ್ನಿನಲ್ಲಿ ಕತ್ತರಿಸುತ್ತೇವೆ ಎಂದ. ದನಿ ಮಾತ್ರ ಸರಿಯಾಗಿದೆ ಎಂದ. ವಾಶಿಯವಳಿಗೆ ಬೇಡವೆಂದು ಫೋನ್ ಹೋಯಿತು. ಪಾಪ, ಅವಳಿಗೂ ಏನು ಕನಸಿತ್ತೋ. ಕತ್ತರಿಸುವ ಮೊದಲಿನ ಆ ವಾಕ್ಯವನ್ನೇ ತನ್ನ ಫೋನಿಗೆ ಕಳಿಸಲು ಕಾಂಚನಾ ಕೇಳಿಕೊಂಡಳು.

ಸಂಜೆ ಕಳವಾ ಊರಿನ ಓಣಿಯಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿದಂತಿತ್ತು. ಶರಣಬಸಮ್ಮ ಬಂದು ಫೋನಿನಲ್ಲಿ ಆ ವಾಕ್ಯ ಕೇಳಿದಳು, ಅವಳ ಸೊಸೆ ಬಂದು ಕೇಳಿದಳು, ಮರಗಮ್ಮ ತಿಳಿಯದ ಇಂಗ್ಲಿಷನ್ನು ಮೂರು ಸಲ ಹಾಕಿಸಿಕೊಂಡು ಕೇಳಿ ಕಣ್ಣೊರೆಸಿಕೊಂಡಳು. ಮಾಪಣ್ಣ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ, ಎಲ್ಲರೂ ನಕ್ಕಾಗ ತಾನೂ ನಗುತ್ತ ಮೂಲೆಯಲ್ಲಿ ಕೂತಿದ್ದ. ಲೋಕಕ್ಕೆಲ್ಲ ಕೇಳಲಿರುವ ದನಿ ಇವನೊಬ್ಬನಿಗೆ ಇಲ್ಲ ಎಂದು ನೆನಪಾಗಿ ಕಾಂಚನಾಳ ಸಂತೋಷ ಅರ್ಧಕ್ಕೇ ನಿಂತಿತು. ನೆರೆಯವರು ಹೋದ ಮೇಲೆ ಅವನ ಎದುರು ಕೂತು, ಕೆಲಸ ಸಿಕ್ಕಿತೆಂದು ತುಟಿ ಬಿಡಿಸಿ ಹೇಳಿದಳು. ಗೊತ್ತಾಯಿತು ಎಂದು ತಲೆಯಾಡಿಸಿ ಅವನು ಕೈ ಚಾಚಿದ. ಅವನಿಗೆ ಫೋನ್ ಬೇಕಿತ್ತು.

ಏನು ಮಾಡುತ್ತಾನೆ ಎಂದು ತಿಳಿಯದೆ ಕೊಟ್ಟಳು. ಅವನು ಅದನ್ನು ಬೋರಲಾಗಿ ಅಂಗೈ ಮೇಲೆ ಇಟ್ಟುಕೊಂಡು, ಇನ್ನೊಂದು ಕೈ ಮೇಲೆ ಮುಚ್ಚಿ, ಹಾಕು ಎಂದು ಹುಬ್ಬು ಹಾರಿಸಿದ. ಅವಳು ಬೆರಳು ತೂರಿಸಿ ಒತ್ತಿದಳು. ದನಿ ಅವನ ಎರಡು ಕೈಗಳ ನಡುವೆ ಗುಂಯ್‌ಗುಟ್ಟಿತು. ತಗಡು ಹಿಡಿದು ಜಡ್ಡುಗಟ್ಟಿದ ಬೆರಳುಗಳು ಅದರ ಸುತ್ತ ಮೆತ್ತಗೆ ಕೂತವು. ಮಾಪಣ್ಣ ಫೋನ್ ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದ. ಕೋಲನ್ ಬಂತು, ಫೋನಿನ ನಡುಕ ನಿಂತಿತು.

ಉದ್ದವಾದ ಬಿಡುವು. ಅಪ್ಪನಿಗೆ ಇದು ಮುಗಿದಂತೆಯೇ ಅಲ್ಲವೇ ಎಂದು ಕಾಂಚನಾಳಿಗೆ ದುಃಖ ಒತ್ತಿ ಬಂತು. ತಡೆಯಲಾರದೆ ಫೋನಿಗೆ ಕೈ ಚಾಚಿದಳು.

ಮಾಪಣ್ಣ ಕೈ ಬಿಡಲಿಲ್ಲ. ಇನ್ನಷ್ಟು ಭದ್ರವಾಗಿ ಹಿಡಿದುಕೊಂಡ.

"ತಡಿಯವ್ವಾ," ಎಂದ. "ಇನ್ನಾ ಅದ."