ಬರ್ತೀನಿ ಅಂದವರು

ಕುರ್ಚಿ ಸರಿದ ಸದ್ದು, ಒಂದು — ಹಾಗಾದರೆ ವಾಚನಾಲಯದೊಳಗೆ ಇನ್ನು ಇಬ್ಬರು, ರಾಮಪ್ರಸಾದರು, ಮತ್ತೆ ಆ ನೀಲಿ ಮಫ್ಲರಿನವನು, ಯಾರೋ ಹೊಸಬ, ಏಳಕ್ಕೆ ಇನ್ನೈದು ನಿಮಿಷ, ಎದುರಿನ ಮೋರಿಕಟ್ಟೆಯ ಮೇಲೆ ಅಲಮೇಲು ಅವರೆಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಸೊಗಡು ಮೂಗಿಗೆ ಹೊಡೆಯುತ್ತಿದೆ, ಬಿಳೇಕಹಳ್ಳಿಯಿಂದ ಮಾರಲು ಬರುವ ಲಕ್ಷ್ಮಮ್ಮನ ಕಾಯಿ ಅಂದರೆ ಕಾಯಿ, ತಮ್ಮ ಪಾಣಿಗೆ ಇಲ್ಲಿ ಕೆಲಸ ಖಾಯಂ ಆದರೆ ರಾತ್ರಿಯೇ ಸುಲಿದು ನೆನೆಹಾಕಿ ನಾಳೆ ಹಿದುಕಿದ ಬೇಳೆ ಹುಳಿ — ಆಗದಿದ್ದರೆ, ಬೇಡ, ಅದನ್ನು ಯೋಚಿಸುವುದು ಬೇಡ, ಅಕೋ ಪಾಣಿ, ಮೇಜಿನ ಅಂಚಿಗೆ ಪತ್ರಿಕೆಯ ಅಂಚು ಸೇರಿಸುತ್ತಿದ್ದಾನೆ, ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ, ಬಾಗಿಲ ಚಿಲಕದಲ್ಲಿ ಹಿತ್ತಾಳೆ ಬೀಗ ಬಾಯಿ ತೆರೆದುಕೊಂಡು ನೇತಾಡುತ್ತಿದೆ, ಆ ಬೀಗ ಏಳಕ್ಕೆ ಸರಿಯಾಗಿ ಬೀಳಬೇಕು, ಇವತ್ತೊಂದು ದಿನ, ಮೂವತ್ತನೆಯ ದಿನ. ನೋಡಿ ಟೀಚರಮ್ಮ, ಅಂದಿದ್ದರು ಸಂಘದ ಕಾರ್ಯದರ್ಶಿ ಗಂಗಾಧರಯ್ಯ, ನಿಮ್ ತಮ್ಮ ಬಂದ್ಮೇಲೆ ಒಂದು ಪೇಪರ್ ಹರಿದಿಲ್ಲ, ಒಬ್ರೂ ಕತ್ತರಿಸ್ಕೊಂಡು ಹೋಗಿಲ್ಲ, ಒಪ್ಕೋತೀನಿ, ಆದ್ರೆ ಬೀಗ ಹಾಕಲ್ಲ ಅಂದ್ರೆ ಹೆಂಗೆ, ಒಂದ್ ತಿಂಗ್ಳು ತಪ್ಪದಂಗೆ ಹಾಕ್ಲಿ, ನೀವು ಪಕ್ಕದಲ್ಲಿ ನಿಂತು ಹೇಳ್ಕೊಡಂಗಿಲ್ಲ. ಹೇಳಿಕೊಡುತ್ತಿಲ್ಲವಲ್ಲ, ಮೋರಿಕಟ್ಟೆಯ ಮೇಲೆ ಕೂತಿದ್ದಾಳೆ ಅಷ್ಟೆ, ಮೋರಿಕಟ್ಟೆ ಸಂಘದ್ದಲ್ಲ.

ಬೀಗ ಹಾಕಲ್ಲ ಅಂತ ಅವನೇನು ಹಟ ಹಿಡಿದಿದ್ದನೇ, ಜನ ಬರ್ತೀನಿ ಅಂದು ಹೋಗುತ್ತಾರೆ, ಅಂದ ಮೇಲೆ ಬರಬೇಡವೆ, ಅದು ಅವನ ಲೆಕ್ಕ — ಅವತ್ತು ರಾಮಪ್ರಸಾದರು ಬರ್ತೀನಿ ಚಕ್ರಪಾಣಿ ಅಂದು ಮನೆಗೆ ಹೋಗಿ ಊಟಕ್ಕೆ ಕೂತಿದ್ದಾರೆ, ಇವನು ಎಂಟರವರೆಗೆ ಕಾದು, ಬಾಗಿಲು ಹಾರುಹೊಡೆದು, ಹುಡುಕಿಕೊಂಡು ಅವರ ಮನೆ ಮುಂದೆ ನಿಂತು, ಬರ್ತೀನಿ ಅಂದ್ರಿ, ಬರ್ಲಿಲ್ಲ — ಇತ್ತ ಹಸುವೊಂದು ವಾಚನಾಲಯಕ್ಕೆ ನುಗ್ಗಿ ವಾರಪತ್ರಿಕೆ ಮೆಲ್ಲುತ್ತಿತ್ತು, ಅದೂ ಧಾರಾವಾಹಿಯ ಪುಟವನ್ನೇ, ಓದುಗರಿಗೆ ಸಿಟ್ಟು ಬಂದದ್ದು ಅದಕ್ಕೆ. ಈಗ ನೆನೆದರೆ ನಗು, ಆಗ ನಗುವಂತಿರಲಿಲ್ಲ, ಮೊದಲು ಕೆಲಸಕ್ಕೆ ಸೇರಿಸಿದ ಹಿಟ್ಟಿನ ಗಿರಣಿಯಿಂದ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಿಬಂದಿದ್ದ, ಔಷಧಿ ಅಂಗಡಿಯವರಿಗೆ ಮುಖ ನೋಡಿ ಮಾತಾಡದವನು ಬೇಡವಂತೆ, ಡಾಕ್ಟರು ಬುದ್ಧಿ ಬೆಳೆದಿಲ್ಲ ಅಂದರು, ಇಪ್ಪತ್ತಾರು ವರ್ಷಕ್ಕೆ ಸಿಕ್ಕಿದ್ದು ಇದೊಂದೇ ಕೆಲಸ, ಅದನ್ನೂ ಹಸು ತಿಂದುಬಿಡುವುದೇ. ಅವಳು ಬಂದು ಒಬ್ಬೊಬ್ಬರಿಗೂ ಕೈಮುಗಿದಳು, ದಯವಿಟ್ಟು ಹೋಗ್ತೀನಿ ಅನ್ನಿ. ಅಲ್ಲಮ್ಮ, ಅಂದರು ರಾಮಪ್ರಸಾದರು, ಈ ವಯಸ್ಸಲ್ಲಿ ಬಾಯಿಬಿಟ್ಟು ಹೋಗ್ತೀನಿ ಅನ್ನಲಾ, ನಮ್ಮನೆಯವಳು ಕೇಳಿಸ್ಕೊಂಡ್ರೆ ಹೊಸಿಲು ದಾಟಕ್ಕೆ ಬಿಡಲ್ಲ — ಕೊನೆಗೆ ಅವರೇ ದಾರಿ ಹುಡುಕಿದರು, ನಾಳೆ ಬರ್ತೀನಿ ಅಂತೀವಿ, ಆಯ್ತಾ. ಒಳ್ಳೆಯ ಜನ, ಇಪ್ಪತ್ತೊಂಬತ್ತು ದಿನ ತಪ್ಪಲಿಲ್ಲ.

ನಾಳೆ ಬರ್ತೀನಪ್ಪ ಚಕ್ರಪಾಣಿ, ಅದು ರಾಮಪ್ರಸಾದರು, ಕೋಲು ಟಕ್ ಟಕ್, ಇನ್ನೊಬ್ಬನೇ, ಗಂಗಾಧರಯ್ಯ ದೀಪದ ಕಂಬದ ಕೆಳಗೆ ಬಂದು ನಿಂತಿದ್ದಾರೆ, ಗಡಿಯಾರ ಹೊಡೆಯುತ್ತಿದೆ, ಪಾಣಿ ಹೊರಗೆ ಬಂದು ಬೀಗ ಕೈಗೆತ್ತಿಕೊಂಡ, ನೀಲಿ ಮಫ್ಲರಿನವನು ಚಪ್ಪಲಿ ಮೆಟ್ಟಿ, ಬರ್ತೀನಿ, ಅಂದ. ಬರೀ ಬರ್ತೀನಿ. ಅವಳ ಕೈಯಲ್ಲಿ ಅವರೆಕಾಯಿ ಪಟ್ಟೆಂದು ಒಡೆಯಿತು, ಇವನಿಗೆ ಯಾರೂ ಹೇಳಿಲ್ಲವಲ್ಲ, ಕೂಗಿಬಿಡಲೇ, ಕೂಗಬಾರದು, ಪಾಣಿ ಬೀಗ ಹಿಡಿದು ಹಾಗೇ ನಿಂತಿದ್ದಾನೆ, ಬಾಯಿ ತೆರೆದ ಬೀಗ, ಹಿಂದೆಯೂ ಹೀಗೇ ನಿಂತಿದ್ದ, ಅಪ್ಪ ಜಟಕಾ ಹತ್ತಿ ಆಸ್ಪತ್ರೆಗೆ ಹೊರಟ ದಿನ, ಬರ್ತೀನಿ ಕಣೋ ಪಾಣಿ ಅಂದರು, ಹೆಣವೂ ಮನೆಗೆ ಬರಲಿಲ್ಲ, ಅಲ್ಲಿಂದಲೇ ಸುಡುಗಾಡಿಗೆ, ಇವನು ಹನ್ನೊಂದು ದಿನ ಬಾಗಿಲು ಮುಚ್ಚಲು ಬಿಡದೆ ಹೊಸಿಲಲ್ಲಿ ಕೂತ, ಹನ್ನೆರಡನೆಯ ದಿನ ಅವಳೇ ಮುಚ್ಚಿದಳು, ಅವನು ತನ್ನ ಕೈಯನ್ನೇ ಕಚ್ಚಿಕೊಂಡ, ಆ ಪಾಪ ಒಂಬತ್ತು ವರ್ಷದಿಂದ ಅವಳ ಎದೆಯಲ್ಲಿದೆ —

ಯಾವಾಗ?

ಪಾಣಿಯ ದನಿ. ಮುಖ ನೋಡುತ್ತಿಲ್ಲ, ಮಫ್ಲರು ನೋಡುತ್ತಿದ್ದಾನೆ. ಏನು ಸ್ವಾಮಿ, ಅಂತ ಆತ ತಿರುಗಿದ. ಯಾವಾಗ ಬರ್ತೀರಿ? ಓ, ಭಾನುವಾರ ಬರ್ತೀನಿ. ಭಾನುವಾರ, ಅಂದ ಪಾಣಿ, ಕದ ಎಳೆದ, ಚಿಲಕ ಹಾಕಿದ, ಬೀಗ ಒತ್ತಿದ. ಯಾರು ಹೇಳಿಕೊಟ್ಟರು ಇದನ್ನು, ಅವಳಂತೂ ಇಲ್ಲ, ಅವಳಿಗೆ ಹೊಳೆದೇ ಇರಲಿಲ್ಲ, ಅವನೇ, ತಾನಾಗಿಯೇ — ಖಾಯಂ ಬಿಡಿ ಟೀಚರಮ್ಮ, ಗಂಗಾಧರಯ್ಯ ಕರೆದು ಹೇಳುತ್ತಿದ್ದಾರೆ, ಅವಳು ಏಳಹೋದಳು, ಚೀಲ ಜಾರಿ ಕಾಯಿ ರಸ್ತೆಗೆಲ್ಲ ಚೆಲ್ಲಿದೆ, ಹೆಕ್ಕಬೇಕು, ಹೆಕ್ಕುತ್ತಾಳೆ, ಯಾವಾಗ ಅಂತ ಅವತ್ತು ಜಟಕಾದ ಹಿಂದೆ ಓಡಿ ಕೇಳಿದ್ದರೆ ಅಪ್ಪ ಏನು ಹೇಳುತ್ತಿದ್ದರೋ, ಪಾಣಿ ಬೀಗವನ್ನು ಎರಡು ಸಲ ಜಗ್ಗಿ ನೋಡಿದ, ಬಿಟ್ಟ, ಬಾಯಿ ಮುಚ್ಚಿದ ಹಿತ್ತಾಳೆ ಬೀಗ, ಇನ್ನೂ ಸ್ವಲ್ಪ ತೂಗುತ್ತಿದೆ, ತೂಗುತ್ತಿದೆ, ನಿಂತಿತು.