ಅಂದಾನಪ್ಪ ಹೊಡೆದ ವಾಲ್‌ಫ್ಲವರ್

ನಾನು ಒಂದು ಇಂಗ್ಲಿಷ್ ಟೈಪ್‌ರೈಟರ್. ಹುಟ್ಟಿದ್ದು ಮುಂಬಯಿಯ ಕಾರ್ಖಾನೆಯಲ್ಲಿ. ಗದಗಿನ ಟೈಪಿಂಗ್ ಶಾಲೆಯೊಂದರಲ್ಲಿ ಹೊಸಬರ ಬೆರಳೇಟು ತಿಂದು ಗಟ್ಟಿಯಾದೆ. ಆ ಶಾಲೆ ಮುಚ್ಚಿದಾಗ ಅಂದಾನಪ್ಪ ನನ್ನನ್ನು ಕೊಂಡ. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ, ಕರಾರುಪತ್ರ ಹೊಡೆಯುವುದು ಅವನ ಕೆಲಸ. ನನ್ನ ಅಕ್ಷರಗಳು ಎಂದೂ ಸಾಲು ತಪ್ಪಿದವಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಂದಾನಪ್ಪನಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ಎಂ.ಎ. ಮುಗಿಸಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಒಂದು ಭಾನುವಾರ ಅವಳ ಮದುವೆಯ ಬಯೋಡೇಟಾ ಹೊಡೆಯಲು ಅಪ್ಪ ಮನೆಯಲ್ಲಿ ನನ್ನ ಮುಂದೆ ಕೂತ. ಮಗಳ ಗುಣ ಬರೆಯುವಲ್ಲಿ ಬೆರಳುಗಳು ನಿಂತವು. ಎಲ್ಲೋ ಕೇಳಿದ ಪದವೊಂದು ನೆನಪಾಗಿ ‘ವಾಲ್‌ಫ್ಲವರ್’ ಎಂದು ಹೊಡೆದ. ಗೋಡೆಗೆ ಹೂವಿದ್ದಂತೆ ಮನೆಗೆ ಶೋಭೆ ತರುವವಳು ಎಂದು ಅವನ ಎಣಿಕೆ. ಹಾಳೆಯನ್ನು ಲಕೋಟೆಗೆ ಹಾಕಿ, ಬೆಳಗಾವಿಗೆ ಹೊರಟಿದ್ದ ಹೆಂಡತಿಯ ತಮ್ಮನ ಕೈಗೆ ಕೊಟ್ಟ.

ನೀಲಾಂಬಿಕೆ ತಲೆಸ್ನಾನ ಮುಗಿಸಿ ಬಂದು ಕಾರ್ಬನ್ ಪ್ರತಿ ಓದಿದಳು. ಒದ್ದೆ ಕೂದಲಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿ, ಮಾವನ ಕೈಯಿಂದ ಲಕೋಟೆ ಮರಳಿ ಪಡೆದು ಏದುಸಿರು ಬಿಡುತ್ತ ಹಿಂದಿರುಗಿದಳು. ಅಂದಾನಪ್ಪ ಗಾಬರಿಯಾದ.

“ಏನಾತವ್ವಾ? ಚಲೋ ಮಾತ ಬರದೀನಲ್ಲ!”

“ಅಪ್ಪಾ, ಅದು ಹೊಗಳಿಕಿ ಅಲ್ಲ. ನಾಕ್ ಮಂದಿ ಕೂಡಿದಲ್ಲಿ ಗ್ವಾಡಿ ಹಿಡದು ಕುಂದರ್ತಾರಲ್ಲ, ಮಾತಾಡಾಕ ನಾಚೋವ್ರು, ಅವರಿಗೆ ಹಂಗಂತಾರ.”

ಅವನ ಮುಖ ಬಾಡಿತು. “ನಿನ್ನ ಹೂವಿನಂಗ ಬೆಳಸೀನಿ. ಅದನ್ನ ಹೇಳೂಣಂತ ಹೋದೆ.”

“ಅದು ನನಗ ತಿಳೀತು. ಓದೋವ್ರಿಗೆ ತಿಳಿಯೂದಿಲ್ಲ. ಸ್ವಲ್ಪ ಆಚಿ ಸರಿ, ನಾ ಹೊಡೀತೀನಿ.”

ಅವಳ ಬೆರಳುಗಳಲ್ಲಿ ಅಳುಕಿರಲಿಲ್ಲ. ಅನಿಸಿದ್ದನ್ನು ಎದುರಿಗೇ ಹೇಳುವವಳು, ಮದುವೆಯಾದರೂ ಕೆಲಸ ಬಿಡದವಳು ಎಂದು ಹೊಡೆದಳು.

“ಇದನ್ನ ಓದಿ ಯಾರ ಬರ್ತಾರವ್ವಾ?”

“ಬರೋವ್ರು ಬರ್ಲಿ.”

ಹೊಸ ಹಾಳೆ ಬೆಳಗಾವಿಗೆ ಹೋಯಿತು. ಬಹಳ ದಿನ ಯಾರೂ ಬರಲಿಲ್ಲ. ಅಂದಾನಪ್ಪ ಕಾರ್ಬನ್ ಪ್ರತಿ ತೆಗೆದು ಮತ್ತೆ ಮತ್ತೆ ಓದುತ್ತಿದ್ದ. ನಾನು ಮಾತ್ರ ಅಂಜಲಿಲ್ಲ. ಅವಳು ಹೊಡೆದದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಕೊನೆಗೆ ಬೈಲಹೊಂಗಲದಿಂದ ಮುರಿಗೆಪ್ಪ ಎಂಬ ದನದ ಡಾಕ್ಟರ್ ಬಂದ. ಹಿರಿಯರ ನಡುವೆ ತುಟಿ ಬಿಚ್ಚದೆ ಕೂತಿದ್ದ. ಹೊರಡುವಾಗ ತನ್ನ ಚಹಾದ ಕಪ್ಪನ್ನು ತಾನೇ ಒಳಗೆ ಒಯ್ದ. ಒಳಗಿದ್ದ ನೀಲಾಂಬಿಕೆಗೆ ಅವನು ಮೆಲುದನಿಯಲ್ಲಿ ಹೇಳಿದ್ದು ಅಡುಗೆಮನೆ ಬಾಗಿಲ ಪಕ್ಕದಲ್ಲಿದ್ದ ನನಗೆ ಕೇಳಿಸಿತು: “ನೀವು ಬರದದ್ದನ್ನ ಓದೇ ಬಂದೀನ್ರೀ. ನಮ್ಮನ್ಯಾಗ ಮಾತಾಡೋವ್ರು ಬೇಕು.”

ಅಂದು ಸಂಜೆ ನೀಲಾಂಬಿಕೆ ಗೆಳತಿಗೆ ಪತ್ರ ಹೊಡೆದಳು: ‘ಬಂದಿದ್ದವನು ಅಪ್ಪಟ ವಾಲ್‌ಫ್ಲವರ್. ನನಗೆ ಒಪ್ಪಿಗೆ.’

ಅಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದ. “ಈಗ ಆ ಮಾತು ಸರಿ ಐತೇನು?”

“ಈಗ ಸರಿ ಐತಪ್ಪಾ,” ಎಂದು ಅವಳು ನಕ್ಕಳು.

ಅವಳ ಮದುವೆಯಾದ ಮೇಲೆ ಅನುಮಾನದ ಪದ ಬಂದಾಗಲೆಲ್ಲ ಅಂದಾನಪ್ಪ ಮಗಳಿಗೆ ಫೋನ್ ಮಾಡಿ ಕೇಳಿಯೇ ಹೊಡೆಯುತ್ತಿದ್ದ. ಕೋರ್ಟಿನ ಮುಂದೆ ಕಂಪ್ಯೂಟರ್ ಅಂಗಡಿಗಳು ಬಂದವು. ನಾನು ಬೈಲಹೊಂಗಲದ ಮಗಳ ಮನೆ ಸೇರಿದೆ. ಈಗ ಕಪಾಟಿನ ಮೇಲಿದ್ದೇನೆ. ರಿಬ್ಬನ್ ಒಣಗಿದೆ, ಒಂದೆರಡು ಕೀಲಿ ಸಡಿಲವಾಗಿವೆ. ನಾನು ಹೊಡೆದ ಅರ್ಜಿಗಳು ಯಾವಾಗಲೋ ರದ್ದಿಗೆ ಹೋಗಿರಬೇಕು. ಕೆಳಗೆ ನೀಲಾಂಬಿಕೆ ಕಾಲೇಜಿನ ಕಥೆ ಹೇಳುತ್ತಲೇ ಇರುತ್ತಾಳೆ, ಮುರಿಗೆಪ್ಪ ಕೇಳುತ್ತಲೇ ಇರುತ್ತಾನೆ. ನನ್ನ ಕೆಲಸ ಚೆನ್ನಾಗಿಯೇ ಆಗಿದೆ.