ನೂರ ಹನ್ನೆರಡನೇ ಪುಟದ ಹಟ

ನಾನು ಒಂದು ಕರಿಹಲಗೆ. ಮಾವಿನ ಮರದ ಮೂರು ಹಲಗೆ ಜೋಡಿಸಿ ನನ್ನನ್ನು ಮಾಡಿದ ಬಡಗಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕಪ್ಪು ಬಣ್ಣ ಒಣಗಿದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನೋಡಿ, "ಪರವಾಗಿಲ್ಲ, ಹಿಡೀತೈತೆ" ಎಂದ. ನಾನು ಕೇಳಿದ ಮೊದಲ ಹೊಗಳಿಕೆ ಅದು. ಆಮೇಲೆ ಬಂದ ಯಾವ ಹೊಗಳಿಕೆಯನ್ನೂ ನಾನು ಬೇಡವೆಂದಿಲ್ಲ. ನನಗೆ ಸ್ವಲ್ಪ ಜಂಬ ಜಾಸ್ತಿ.

ಇಪ್ಪತ್ತು ವರ್ಷ ಒಂದು ಶಾಲೆಯಲ್ಲಿ ಮಗ್ಗಿ ಹೊತ್ತೆ. ಗೋಡೆಗೆ ಹಸಿರು ಬೋರ್ಡು ಬಂದ ದಿನ ನನ್ನನ್ನು ಮುಖ ಗೋಡೆಗೆ ತಿರುಗಿಸಿ ಪಡಸಾಲೆಯಲ್ಲಿ ನಿಲ್ಲಿಸಿದರು. ಅಲ್ಲಿಂದ ನನ್ನನ್ನು ಕೇಳಿ ಪಡೆದವಳು ಹುಳಿಯಾರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ನಾಗವೇಣಿ. ನನ್ನನ್ನು ಗಿರಣಿಯ ಗೋಡೆಗೆ ನೇತುಹಾಕಿ, "ಮೆಣಸಿನಕಾಯಿ ಶುಕ್ರವಾರ ಮಾತ್ರ" ಎಂದು ಬರೆದಳು. ಏಳನೇ ಕ್ಲಾಸಿನ ಗಣಿತ ಹೊತ್ತ ನನಗೆ ಎಂಥ ಗತಿ ಬಂತಪ್ಪ ಎನಿಸಿತು.

ನನ್ನ ಅದೃಷ್ಟ ಖುಲಾಯಿಸಿದ್ದು ಕರೆಂಟು ಹೋಗುವುದರಿಂದ. ರಾಗಿ ಡಬ್ಬ ಹಿಡಿದು ಬಂದವರು ಗಂಟೆಗಟ್ಟಲೆ ಕಾಯಬೇಕಿತ್ತು. ಅವರ ಗೊಣಗಾಟ ತಾಳಲಾರದೆ ನಾಗವೇಣಿ ಮನೆಯಲ್ಲಿದ್ದ ಪುಸ್ತಕಗಳನ್ನು ತಂದು ಒಂದು ಗೂಡಿನಲ್ಲಿ ಜೋಡಿಸಿದಳು. ಇನ್ನೊಬ್ಬರು ನಾಲ್ಕು ತಂದರು, ಮತ್ತೊಬ್ಬರು ಹತ್ತು. ವರ್ಷ ಕಳೆಯುವುದರೊಳಗೆ, ಕಥೆ ಒಳ್ಳೆಯ ಜಾಗಕ್ಕೆ ಬಂದಾಗ ಕರೆಂಟು ಬಂತಲ್ಲ ಎಂದು ಬೇಸರಪಟ್ಟುಕೊಳ್ಳುವ ಜನ ನಮ್ಮ ಗಿರಣಿಯಲ್ಲಿ ತುಂಬಿಕೊಂಡರು. ಯಾವ ಪುಸ್ತಕದ ಪುಟ ತಿರುವಿದರೂ ಹಿಟ್ಟು ಉದುರುತ್ತಿತ್ತು.

ಯಾರ ಕೈಯಲ್ಲಿ ಯಾವ ಪುಸ್ತಕವಿದೆ ಎಂದು ತಿಳಿಯಲು ನಾನೇ ಬೇಕಾಯಿತು. ಹೆಸರು, ಪುಸ್ತಕ, ಮುಟ್ಟಿದ ಪುಟ, ಇಷ್ಟನ್ನು ಪ್ರತಿಯೊಬ್ಬರೂ ನನ್ನ ಮೇಲೆ ಬರೆಯಬೇಕು. ಬಂದಾಗಲೆಲ್ಲ ಹಳೆಯ ಪುಟ ಒರೆಸಿ ಹೊಸದು ಹಾಕಬೇಕು. ಪುಸ್ತಕ ಮುಗಿದರೆ ಗೂಡಿಗೆ ತುರುಕುವಂತಿಲ್ಲ. "ಇದು ನಿಮಗೆ ಹಿಡಿಸುತ್ತೆ" ಎಂದು ಒಬ್ಬರ ಕೈಗೇ ಕೊಡಬೇಕು, ಒಂದು ಸಾಲು ಅಭಿಪ್ರಾಯವನ್ನೂ ಬರೆಯಬೇಕು. ಕೊನೆ ಏನಾಯಿತೆಂದು ಬಾಯಿಬಿಟ್ಟವರ ಹಿಟ್ಟನ್ನು ನಾಗವೇಣಿ ಎಲ್ಲರಿಗಿಂತ ಕೊನೆಗೆ ಬೀಸುತ್ತಿದ್ದಳು.

ಈ ಓದುಗರಲ್ಲಿ ಮುಂದಾಳು ತಿಮ್ಮರಾಯಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ ಪುಸ್ತಕದ ಹುಳ. ದಿನಕ್ಕೆ ನಲವತ್ತು ಪುಟಕ್ಕೆ ಕಡಿಮೆ ಓದಿದವನಲ್ಲ, ಯಾವ ಪುಸ್ತಕವನ್ನೂ ಪೂರ್ತಿ ಹೊಗಳಿದವನೂ ಅಲ್ಲ. "ನಡುವೆ ಎಳೆದವ್ನೆ", "ನಾಯಕಿ ಅಳೋದು ಜಾಸ್ತಿ", ಹೀಗೇ ಅವನ ಸಾಲುಗಳು. ಅವನು ಬೈದ ಪುಸ್ತಕಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವನು ರೈಲ್ವೆ ಗೇಟು ಕಾಯುವ ಹೆಂಗಸಿನ ಕಾದಂಬರಿಯೊಂದನ್ನು ಹಿಡಿದ. ನೂರ ಹನ್ನೆರಡನೇ ಪುಟ ಮುಟ್ಟಿದ. ಮಾರನೆಯ ವಾರ ಬಂದು 112 ಒರೆಸಿ, ಮತ್ತೆ 112 ಎಂದೇ ಬರೆದ. ಅದರ ಮುಂದಿನ ವಾರವೂ ಅಷ್ಟೆ.

"ಏನ್ ಕಂಡಕ್ಟ್ರಣ್ಣ, ಗಾಡಿ ಕೆಟ್ಟು ನಿಂತೈತಾ?" ಎಂದು ಕ್ಷೌರದ ಅಂಗಡಿಯ ಶ್ರೀಕಂಠ ಕೆಣಕಿದ. ತಿಮ್ಮರಾಯಪ್ಪ ನಕ್ಕು ತನ್ನ ಡಬ್ಬ ಎತ್ತಿಕೊಂಡ.

ಪುಸ್ತಕ ರುಚಿಸಲಿಲ್ಲವೆಂದೇ ನಮ್ಮವರು ತಿಳಿದರು. ಓದುವವರ ಬುದ್ಧಿ ಬೇರೆಲ್ಲಿಗೆ ಹೋದೀತು? ಐದು ಜನ ತಮಗೆ ಹಿಡಿಸಿದ ಒಂದೊಂದು ಪುಸ್ತಕ ತಂದು ಅವನ ಚೀಲಕ್ಕೆ ತುರುಕಿದರು. ಹಿಟ್ಟಿಗಿಂತ ಪುಸ್ತಕದ ಭಾರವೇ ಹೆಚ್ಚಾಯಿತು. ವಾರ ಕಳೆದು ಐದನ್ನೂ ಹಿಂದಕ್ಕೆ ತಂದ.

"ಹೆಂಗಿದ್ವು?" ಎಂದಳು ನಾಗವೇಣಿ.

"ಎಲ್ಲಾ ಚೆನ್ನಾಗವೆ."

ಪಕ್ಕದಲ್ಲಿ ಓದುತ್ತಾ ಕೂತಿದ್ದ, ಊರಿನ ಶಾಲೆಯ ಜರೀನಾ ಟೀಚರ್ ತಲೆ ಎತ್ತಿ ನೋಡಿದರು. ತಿಮ್ಮರಾಯಪ್ಪ ಐದು ಪುಸ್ತಕಗಳನ್ನು ಚೆನ್ನಾಗಿವೆ ಎನ್ನುವುದೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಅಷ್ಟರಲ್ಲಿ ಅವನು ನನ್ನ ಹತ್ತಿರ ಬಂದು, ಮೂಗು ನನಗೆ ತಾಗುವಷ್ಟು ಬಾಗಿ, 112 ಎಂದು ಬರೆದ. ಬರೆದದ್ದು ಟೀಚರ ಸಾಲಿನ ಮೇಲೆ. ಅಲ್ಲೊಂದು ಸಾಲಿತ್ತೆಂಬುದೇ ಅವನಿಗೆ ಕಂಡಿರಲಿಲ್ಲ.

"ಅಣ್ಣಾ, ಕಣ್ಣು ಕಾಣಿಸ್ತಿಲ್ವಾ?" ಎಂದು ಟೀಚರ್ ಮೆಲ್ಲಗೆ ಕೇಳಿದರು.

ಅವನು ಒಪ್ಪಿಕೊಂಡ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಪ್ಪನ ಪೊರೆ ತೆಗೆಯುತ್ತೇನೆಂದು ಯಾರೋ ಕಣ್ಣಿಗೆ ಏನೋ ಹಿಂಡಿ, ಇದ್ದ ನೋಟವೂ ಹೋಗಿದ್ದನ್ನು ಅವನು ಚಿಕ್ಕಂದಿನಲ್ಲಿ ನೋಡಿದ್ದ. "ಟೀಚರ್, ಆಪರೇಸನ್ನು ಗೀಪರೇಸನ್ನು ನಂಗೆ ಬ್ಯಾಡ. ಇರೋ ಮಬ್ಬೇ ಸಾಕು. ಓದಿದ್ದು ಸಾಕಾಯ್ತು ಅನ್ಕೋತೀನಿ," ಎಂದ. ಅವನಿಲ್ಲದ ನಾನು ಮತ್ತೆ ಮೆಣಸಿನಕಾಯಿ ಬೋರ್ಡೇ.

ಎಲ್ಲರೂ ಬುದ್ಧಿ ಹೇಳಿದರು. ಅವನು ಜಗ್ಗಲಿಲ್ಲ. ಆಗ ಜರೀನಾ ಟೀಚರ್ ಅವನಿಂದ ಆ ಕಾದಂಬರಿ ಇಸಿದುಕೊಂಡು, ಎರಡೇ ದಿನದಲ್ಲಿ ನೂರ ಹನ್ನೆರಡರವರೆಗೆ ಓದಿ, ನನ್ನ ಮೇಲೆ 112 ಎಂದು ಬರೆದು ನಿಲ್ಲಿಸಿದರು. ಪುಸ್ತಕ ನಾಗವೇಣಿಗೆ ಹೋಯಿತು, ಅವಳೂ ಅಲ್ಲೇ ನಿಂತಳು. ಆಮೇಲೆ ಶ್ರೀಕಂಠ. ನಿಲ್ಲುವುದು ಸುಲಭವಿರಲಿಲ್ಲ. ಆ ಪುಟದಲ್ಲಿ ಗೇಟಿನ ಹೆಂಗಸು, ಹಳಿಯ ಮೇಲೆ ಯಾರೋ ಬೆನ್ನು ಮಾಡಿ ನಿಂತದ್ದನ್ನು ಕಂಡು ಕೂಗಲು ಬಾಯಿ ತೆರೆಯುತ್ತಾಳೆ. ಅಷ್ಟಕ್ಕೇ ಪುಟ ಮುಗಿಯುತ್ತದೆ. ಮೂರು ವಾರದಲ್ಲಿ ಹನ್ನೊಂದು ಮಂದಿ ಆ ಹಳಿಯ ಪಕ್ಕ ಬಂದು ನಿಂತರು. ಅವನಿಗೆ ಕಾಣಲೆಂದು ಎಲ್ಲರೂ ಅಂಗೈಯಗಲದ ಅಂಕಿಗಳಲ್ಲಿ ಬರೆದರು. ನನ್ನ ಮೈ ತುಂಬ 112.

ಅಷ್ಟು ದಿನ ಗಿರಣಿಯತ್ತ ತಲೆ ಹಾಕದಿದ್ದ ತಿಮ್ಮರಾಯಪ್ಪ ಬಂದ. ನೋಡಿದ. "ಏನ್ರೀ ಇದು ನಾಟ್ಕ?"

"ನೀವು ದಾಟೋವರ್ಗೂ ನಾವೂ ದಾಟಲ್ಲ ಕಣಣ್ಣ," ಎಂದಳು ನಾಗವೇಣಿ.

ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ರಾಗಿಯನ್ನೂ ಬೀಸಿಸದೆ ಹೊರಟುಹೋದ. ನಾಲ್ಕು ದಿನ ಆಸಾಮಿಯ ಸುಳಿವಿಲ್ಲ. ಹಟ ಅತಿಯಾಯಿತೇನೋ ಎಂದು ಎಲ್ಲರ ಮುಖ ಬಾಡಿತು. ಐದನೆಯ ದಿನ ಬಂದು, ಯಾರನ್ನೂ ನೋಡದೆ, "ಜರೀನಮ್ಮ, ನಿಮ್ಮಮ್ಮಂಗೆ ಮಾಡ್ಸಿದ್ರಲ್ಲ, ಆ ಕಣ್ಣಿನ ಡಾಕ್ಟ್ರು ಎಲ್ಲಿರೋದು?" ಎಂದ.

ಎರಡು ಕಣ್ಣಿನ ಆಪರೇಷನ್ನೂ ಮುಗಿಯಲು ಮೂರು ತಿಂಗಳು ಹಿಡಿಯಿತು. ಅಷ್ಟೂ ದಿನ ಗಿರಣಿಯ ಧೂಳಿಗೆ ಬರಕೂಡದೆಂದು ಡಾಕ್ಟರ ಅಪ್ಪಣೆ. ಇತ್ತ ಶ್ರೀಕಂಠ ನೂರ ಹದಿಮೂರನ್ನು ಕದ್ದು ನೋಡಲು ಹೋಗಿ ಎರಡು ಸಲ ಸಿಕ್ಕಿಬಿದ್ದ. ನಾಗವೇಣಿ ಪುಸ್ತಕಕ್ಕೆ ಗೋಣಿದಾರ ಬಿಗಿದು ಅಟ್ಟಕ್ಕೆ ಹಾಕಿದಳು.

ತಿಮ್ಮರಾಯಪ್ಪ ಮತ್ತೆ ಬಂದ ದಿನ ಅವಳು ಮೋಟಾರು ನಿಲ್ಲಿಸಿ, ಅಟ್ಟದಿಂದ ಪುಸ್ತಕ ಇಳಿಸಿದಳು. ಅವನು ದಾರ ಬಿಚ್ಚಿ, ನಿಂತಲ್ಲೇ ಒಂದು ಪುಟ ಓದಿದ. ಆಮೇಲೆ ತೋಳಳತೆ ದೂರದಿಂದಲೇ ಕೈ ಚಾಚಿ ತನ್ನ 112 ಒರೆಸಿ 113 ಎಂದು ಬರೆದ. ಡಬ್ಬ ಹಿಡಿದು ನಿಂತವರು ಡಬ್ಬವನ್ನೇ ಬಡಿದರು. ಗಿರಣಿಯಲ್ಲಿ ಅಂಥ ಸದ್ದು ನಾನು ಕೇಳಿಯೇ ಇರಲಿಲ್ಲ. ನಾಗವೇಣಿ ಕಣ್ಣೊರೆಸಿಕೊಂಡಳು. ನನಗೆ ಕಣ್ಣಿಲ್ಲ, ಇದ್ದಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ಮೂರು ದಿನದ ಮೇಲೆ ಅವನು ಪುಸ್ತಕ ಮುಗಿಸಿ ಬಂದು ಅಭಿಪ್ರಾಯ ಬರೆದ: "112ರ ಆಚೆ ಸಪ್ಪೆ." ಅಲ್ಲಿಯವರೆಗೆ ಕಾದಿದ್ದ ಹನ್ನೊಂದು ಮಂದಿಯೂ ಒಟ್ಟಿಗೆ ಅವನ ಮೇಲೆ ಎಗರಿದರು. ಒಬ್ಬೊಬ್ಬರೂ ಪುಸ್ತಕ ಮುಗಿಸಿದಂತೆ, ಸಪ್ಪೆಯೋ ಅಲ್ಲವೋ ಎಂಬ ಜಗಳ ನನ್ನ ಮೇಲೆ ಎರಡು ತಿಂಗಳು ನಡೆಯಿತು. ಗಿರಣಿಗೆ ಕಣ್ಣು ಬಂದ ಹಾಗಾಯಿತು.

ಈಗ ನನಗೆ ವಯಸ್ಸಾಗಿದೆ. ಕಪ್ಪು ಮಾಸಿ ಬೂದು ಬಣ್ಣವಾಗಿದೆ, ಹಲಗೆಗಳ ಸಂದು ಬಿಟ್ಟಿದೆ. ಓದುಗರೆಲ್ಲ ಮೊಬೈಲಿನಲ್ಲೂ ಗುಂಪು ಕಟ್ಟಿಕೊಂಡಿದ್ದಾರೆ, ಆದರೂ ಪುಟ ಬರೆಯಲು ನನ್ನ ಹತ್ತಿರವೇ ಬರುತ್ತಾರೆ. ಮಗ್ಗಿ ಹೊತ್ತಾಗ ಮಕ್ಕಳು ನನಗೆ ಹೆದರುತ್ತಿದ್ದರು. ಇಲ್ಲಿ ಒಬ್ಬನ ಹೆದರಿಕೆಯನ್ನು ನಾನು ಬಿಡಿಸಿದೆ. ಇಷ್ಟು ಸಾಕಲ್ಲವೇ ಒಂದು ಹಲಗೆಗೆ?

ನಿನ್ನೆ ತಿಮ್ಮರಾಯಪ್ಪ ತನ್ನ ಹೊಸ ಸಾಲು ಬರೆದ. ಶ್ರೀಕಂಠ ಕಣ್ಣು ಕಿರಿದು ಮಾಡಿ, ಹಿಂದೆ ಮುಂದೆ ಸರಿದು ನೋಡಿ, "ಏನಣ್ಣ, ಇಷ್ಟು ಸಣ್ಣಕ್ಕೆ ಬರ್ದಿದ್ದೀಯ?" ಎಂದ.

ತಿಮ್ಮರಾಯಪ್ಪ ಸೀಮೆಸುಣ್ಣ ಕೆಳಗಿಟ್ಟು ಅವನ ಮುಖವನ್ನೇ ನೋಡಿದ. ಆಮೇಲೆ ಅವನ ಕೈ ಹಿಡಿದುಕೊಂಡ.

"ನಾಳೆ ಅಂಗಡಿ ಬಾಗ್ಲು ಹಾಕು. ಮೊದಲ್ನೇ ಬಸ್ಸಿಗೆ ಹೋಗಣ, ನಾನ್ ಬತ್ತೀನಿ ನಿನ್ ಜೊತೆ. ಏನೂ ನೋಯಲ್ಲ ಕಣಯ್ಯ."